ಕಾಕಂಬಿಯ ಕೊನೆಯ ಬೂದಿ

ಹೂವಿನ ಹಿಪ್ಪರಗಿ ಸುತ್ತಲಿನ ಎರೆ ಹೊಲಗಳು ಮೊದಲಿನಿಂದ ಬಿಳಿಜೋಳದವು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟು 2006ರಲ್ಲಿ ಲೋಕಾರ್ಪಣೆಯಾಯಿತು. ಕೃಷ್ಣೆಯ ನೀರು ಹತ್ತಿದಲ್ಲೆಲ್ಲ ಕಬ್ಬು ಬಂತು. ಈಗ ಹಂಗಾಮು ಶುರುವಾದರೆ ಮುದ್ದೇಬಿಹಾಳ ತಾಲೂಕಿನ ಯರಗಲ್‌ನ ಸಕ್ಕರೆ ಕಾರ್ಖಾನೆ ಕಡೆ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳದೇ ಸಾಲು.

ಒಂದು ಟನ್ ಕಬ್ಬು ನುರಿಸಿದರೆ ಸಿಗುವ ಸಕ್ಕರೆ ಸುಮಾರು 100 ಕಿಲೊ ಮಾತ್ರ. ಸಿಪ್ಪೆಯೇ 300 ಕಿಲೊ ಆಸುಪಾಸು. ಅದು ಬಾಯ್ಲರ್ ಸೇರಿ ವಿದ್ಯುತ್ ಆಗುತ್ತದೆ. ಮಡ್ಡಿ ಗೊಬ್ಬರಕ್ಕೆ. ಉಳಿಯುವ 40-45 ಕಿಲೊ ಕಾಕಂಬಿಯದು ದೊಡ್ಡ ಕಥೆ.

ನಮ್ಮ ನಾಡಿನಲ್ಲಿ ಆ ಕಥೆ ಮಂಡ್ಯದಿಂದ ಶುರುವಾಗುತ್ತದೆ. ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಕಾಕಂಬಿ ಹುದುಗಿಸಿ ಸ್ಪಿರಿಟ್ ಇಳಿಸತೊಡಗಿದರು. ಪೆಟ್ರೋಲಿಗೆ ಬೆರೆಸುವ ಮದ್ಯಸಾರಕ್ಕೆಂದು ದೇಶದಲ್ಲಿ 1948ರಲ್ಲೇ ಕಾಯ್ದೆ ಬಂದಿತ್ತು. ಶೇ 5ರ ಮಿಶ್ರಣ ಕಡ್ಡಾಯವಾಗಿ ಕರ್ನಾಟಕಕ್ಕೆ ಬಂದದ್ದು 2003ರಲ್ಲಿ. 2018ರ ಜೈವಿಕ ಇಂಧನ ನೀತಿಯ ನಂತರ ಕಾರ್ಖಾನೆಗಳು ಇನ್ನೂ ಸಕ್ಕರೆ ಉಳಿದಿರುವ ‘ಬಿ ಹೆವಿ’ ಕಾಕಂಬಿಯನ್ನೇ ಎಥೆನಾಲ್‌ಗೆ ಕಳಿಸತೊಡಗಿದವು.

ಸ್ಪಿರಿಟ್ ಇಳಿದ ಮೇಲೆ ಉಳಿಯುವ ಸ್ಪೆಂಟ್‌ವಾಶ್ ಮಾತ್ರ ಎಲ್ಲರಿಗೂ ತಲೆನೋವಾಗಿತ್ತು. ಲೀಟರ್ ಸ್ಪಿರಿಟ್‌ಗೆ 8ರಿಂದ 15 ಲೀಟರ್! ಕಡುಕಂದು ಬಣ್ಣ, ಸುಡುಸುಡು ಬಿಸಿ, ಹತ್ತಿದ ಬೆಲ್ಲದಂಥ ಘಾಟು. ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕವನ್ನೇ ಹೀರಿ ಮೀನು ಸಾಯಿಸುತ್ತದೆ. ಹೊಲಕ್ಕೆ ಮಿತಿಮೀರಿ ಹರಿದರೆ ಮಣ್ಣು ಸವುಳಾಗುತ್ತದೆ. ಮೊದಮೊದಲು ಅದರಿಂದ ಮೀಥೇನ್ ತೆಗೆದರು, ಮಡ್ಡಿಯ ಜೊತೆ ಕಲಸಿ ಕಾಂಪೋಸ್ಟ್ ಮಾಡಿದರು. ಹೊರಗೆ ಒಂದು ಹನಿಯೂ ಬಿಡಬಾರದೆಂಬ ನಿಯಮ ಬಿಗಿಯಾದ ಮೇಲೆ ಅದನ್ನು ಕುದಿಸಿ ಗಟ್ಟಿ ಮಾಡಿ, ವಿಶೇಷ ಬಾಯ್ಲರ್‌ಗಳಲ್ಲಿ ಸಿಪ್ಪೆ ಇಲ್ಲವೇ ಕಲ್ಲಿದ್ದಲಿನ ಜೊತೆ ಉರಿಸತೊಡಗಿದರು.

ಉರಿದು ಉಳಿದ ಬೂದಿಯಲ್ಲಿ ಸಿಕ್ಕಿತು ಪೊಟ್ಯಾಷ್. ಕಬ್ಬು ಮಣ್ಣಿನಿಂದ ಹೀರಿದ್ದು ಸಕ್ಕರೆಯಲ್ಲೂ ಉಳಿಯದೆ, ಸ್ಪಿರಿಟ್ ಜೊತೆ ಆವಿಯೂ ಆಗದೆ, ಕೊನೆಯವರೆಗೆ ಬಂದಿತ್ತು. ಪೊಟ್ಯಾಷ್ ಗೊಬ್ಬರವನ್ನು ಬಹುಪಾಲು ಹೊರದೇಶದಿಂದಲೇ ತರುವ ನಮಗೆ ಇದು ಸಣ್ಣ ಗಳಿಕೆಯಲ್ಲ. ಶೇ 14.5 ಪೊಟ್ಯಾಷ್ ಇರುವ ಈ ಗೊಬ್ಬರಕ್ಕೆ 2021ರಲ್ಲಿ ಕೇಂದ್ರದ ಸಹಾಯಧನವೂ ಸಿಕ್ಕಿತು.

ನನ್ನ ಪ್ರಕಾರ ಆ ಪೊಟ್ಯಾಷ್ ರೈತನ ಹೊಲದ ಸಂಪತ್ತು. ಅದನ್ನು ಗೊಬ್ಬರವಾಗಿ ಅವನೇ ದುಡ್ಡು ಕೊಟ್ಟು ಕೊಳ್ಳುವುದಾದರೆ, ಕಬ್ಬಿನ ಬಿಲ್ಲಿನಲ್ಲಿ ಅದಕ್ಕೊಂದು ಬೆಲೆ ಇರಲೇಬೇಕು. ಸಕ್ಕರೆಯ ಜೊತೆ ಸಿಪ್ಪೆ, ಕಾಕಂಬಿ, ಮಡ್ಡಿಯ ಮೌಲ್ಯವನ್ನೂ ಹಿಡಿದು ಶೇ 70ರಷ್ಟು ರೈತನಿಗೆ ಸಲ್ಲಬೇಕೆಂದು ಸಕ್ಕರೆ ಉದ್ಯಮದ ಕುರಿತ ರಂಗರಾಜನ್ ಸಮಿತಿ 2012ರಲ್ಲಿ ಹೇಳಿತ್ತು. ಬೂದಿ ಆ ಲೆಕ್ಕದಲ್ಲಿ ಇರಲಿಲ್ಲ.