ಎಲೆ ಸಿಹಿ, ಬೀಜ ವಿಷ

ಸಿಹಿ ಎಂದ ಕೂಡಲೇ ನಮಗೆ ನೆನಪಾಗುವುದು ಸಕ್ಕರೆ ಡಬ್ಬಿ. ಆದರೆ ಗಿಡಗಳು ಸಿಹಿಯನ್ನು ಒಂದೇ ಕಡೆ ಇಟ್ಟಿಲ್ಲ. ಕಬ್ಬಿಗೆ ಕಾಂಡದಲ್ಲಿ, ಜ್ಯೇಷ್ಠಮಧುವಿಗೆ ಬೇರಿನಲ್ಲಿ, ಗುಲಗಂಜಿಗೆ ಎಲೆಯಲ್ಲಿ ಸಿಹಿ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ನಮ್ಮ ಹಿರಿಯರಿಗೆ ಯಾವ ಸಿಹಿ ಯಾವುದಕ್ಕೆ, ಎಷ್ಟು ಎಂಬ ಲೆಕ್ಕ ಗೊತ್ತಿತ್ತು. ಮಕ್ಕಳೂ ಅದನ್ನು ಕಲಿಯಬೇಕು. ಏಕೆಂದರೆ ಒಂದೇ ಬಳ್ಳಿಯಲ್ಲಿ ಸಿಹಿಯೂ ವಿಷವೂ ಇರಬಲ್ಲವು.

ಮೊದಲು ಕಬ್ಬನ್ನೇ ನೋಡೋಣ. ಗಾಣದಲ್ಲಿ ಕಬ್ಬು ಹಿಂಡಿ, ರಸವನ್ನು ದೊಡ್ಡ ಕಡಾಯಿಯಲ್ಲಿ ಕುದಿಸುತ್ತಾರೆ. ಒಲೆಗೆ ಉರುವಲು ಒಣಗಿದ ಕಬ್ಬಿನ ಸಿಪ್ಪೆಯೇ. ಬೆಂಡೆ ಗಿಡವನ್ನು ಜಜ್ಜಿ ಅದರ ಲೋಳೆಯನ್ನು ರಸಕ್ಕೆ ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಹಾಕುತ್ತಾರೆ. ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಇಳಿಸಿ ಅಚ್ಚಿಗೆ ಸುರಿಯುತ್ತಾರೆ. ಒಂದು ಕ್ವಿಂಟಲ್ ಕಬ್ಬಿಗೆ ಸಿಗುವುದು ಸುಮಾರು 10 ಕಿಲೋ ಬೆಲ್ಲ. ಪಾಕವನ್ನು ಸ್ವಲ್ಪ ಮೊದಲೇ ಇಳಿಸಿದರೆ ಅದು ಗಟ್ಟಿಯಾಗದು. ಹಾನಗಲ್ಲಿನಿಂದ ಪಶ್ಚಿಮಕ್ಕೆ ಶಿರಸಿ ಕಡೆ ಹೋದರೆ ದೋಸೆಯ ಜೊತೆ ಬಡಿಸುವ ಜೋನಿ ಬೆಲ್ಲ ಅದೇ.

ಗೋಧಿ ಹುಗ್ಗಿ, ಹೋಳಿಗೆ, ಮಾದಲಿ, ಬಾಣಂತಿಯ ಅಂಟಿನುಂಡೆ ಎಲ್ಲದಕ್ಕೂ ಬೆಲ್ಲ ಬೇಕು. ಅದರಲ್ಲಿ ಸ್ವಲ್ಪ ಕಬ್ಬಿಣಾಂಶ, ಪೊಟ್ಯಾಸಿಯಂ ಇರುವುದು ನಿಜ. ಆದರೂ ಬೆಲ್ಲದ ಬಹುಪಾಲು ಸಕ್ಕರೆಯೇ. ಸಕ್ಕರೆ ಕಾಯಿಲೆ ಇರುವ ಅಜ್ಜನಿಗೆ "ಇದು ಬೆಲ್ಲದ್ದು, ಏನೂ ಆಗೂದಿಲ್ಲ, ತಗೋರಿ" ಎಂದು ಇನ್ನೊಂದು ಹೋಳಿಗೆ ಬಡಿಸಬೇಡಿ.

ಬೇರಿನ ಸಿಹಿಯದು ಬೇರೆ ಬಗೆ. ಗಿಡಮೂಲಿಕೆ ಅಂಗಡಿಯಲ್ಲಿ ಸಿಗುವ ಜ್ಯೇಷ್ಠಮಧುವಿನ ಸಿಹಿ ಅಂಶ ಸಕ್ಕರೆಗಿಂತ ಸುಮಾರು 50 ಪಟ್ಟು ಸಿಹಿ. ಕೆಮ್ಮು ಬಂದಾಗ ಒಂದು ಸಣ್ಣ ಚೂರನ್ನು ದವಡೆಯಲ್ಲಿ ಇಟ್ಟುಕೊಳ್ಳುವುದು ನಮ್ಮ ಮನೆಯ ರೂಢಿ. ಚೂರು ಸಾಕು, ದಿನವೂ ಹೆಚ್ಚು ತಿಂದರೆ ರಕ್ತದೊತ್ತಡ ಏರುತ್ತದೆ.

ಇನ್ನು ಗುಲಗಂಜಿ. ಬೇಲಿಯ ಮೇಲೆ ಹಬ್ಬುವ ಬಳ್ಳಿ, ಹುಣಸೆ ಎಲೆಯಂಥ ಸಣ್ಣ ಎಲೆಗಳು. ಈ ಎಲೆಯಲ್ಲಿ ಸಕ್ಕರೆಗಿಂತ 30ರಿಂದ 100 ಪಟ್ಟು ಸಿಹಿಯಾದ ಅಂಶಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಸವಣೂರು ವೀಳ್ಯದೆಲೆಗೆ ಹೆಸರಾದ ಊರು. ನೆರೆಯ ಮಹಾರಾಷ್ಟ್ರದಲ್ಲಿ ವೀಳ್ಯದೊಳಗೆ ಗುಲಗಂಜಿ ಎಲೆಯನ್ನೂ ಇಟ್ಟು ಮಡಿಸುತ್ತಾರೆ. ನನಗೆ ಗಂಟಲು ಕಟ್ಟಿದಾಗ ನಮ್ಮಜ್ಜಿ ನಾಲ್ಕು ಎಲೆ ಕೊಟ್ಟು, "ಎಲಿ ಅಗಿ ಕೂಸ, ಕಾಳು ಮಾತ್ರ ಬಾಯಾಗ ಹಾಕಬ್ಯಾಡ" ಎನ್ನುತ್ತಿದ್ದಳು.

ಆ ಮಾತಿನ ಎರಡನೆಯ ಅರ್ಧವೇ ಮುಖ್ಯ. ಕೆಂಪು ಮೈ, ಕಪ್ಪು ಚುಕ್ಕೆಯ ಆ ಬೀಜ ನೋಡಲು ಬಲು ಚೆಂದ. ಹಿಂದೆ ಅಕ್ಕಸಾಲಿಗರು ಬಂಗಾರ ತೂಗುತ್ತಿದ್ದುದು ಇದರಿಂದಲೇ. ಒಂದು ಗುಂಜಿಯ ತೂಕ ಸುಮಾರು 0.12 ಗ್ರಾಂ. ಆದರೆ ಅದರೊಳಗೆ ಅಬ್ರಿನ್ ಎಂಬ ಕಡು ವಿಷವಿದೆ. ಗಟ್ಟಿ ಸಿಪ್ಪೆ ಇರುವವರೆಗೆ ವಿಷ ಒಳಗೇ ಇರುತ್ತದೆ. ಬೀಜವನ್ನು ಅಗಿದರೆ, ಸರಕ್ಕೆಂದು ತೂತು ಕೊರೆದರೆ ಅಪಾಯ. ಇದಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ. ಮಗು ನುಂಗಿದ್ದು ಗೊತ್ತಾದರೆ ವಾಂತಿ ಬರಲೆಂದು ಕಾಯದೆ, ಮನೆಮದ್ದು ಮಾಡದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಮಕ್ಕಳೇ, ಬೇಲಿಯಲ್ಲಿ ಈ ಬಳ್ಳಿ ಕಂಡರೆ ನೋಡಿ, ಗುರುತು ಹಿಡಿಯಿರಿ, ತಮ್ಮ ತಂಗಿಯರಿಗೂ ತೋರಿಸಿ. ನೀವಾಗಿಯೇ ಎಲೆ ಕಿತ್ತು ತಿನ್ನಬೇಡಿ. ಆಟಕ್ಕೆ ಕಾಳು ಬೇಕಿದ್ದರೆ ಹುಣಸೆ ಬೀಜ ಇವೆಯಲ್ಲ!