ಇಂಜಿನ್ ದೊಡ್ಡದಾಯ್ತು, ಗಾಡಿ ತಾಳೀತೇ?

ಯಾವ ಊರಿನ ಗ್ಯಾರೇಜು ಸಾಲಿಗೆ ಬೇಕಾದರೂ ಹೋಗಿ ನೋಡಿ. ಸಂಜೆ ಚಹಾ ಹೊತ್ತಿಗೆ ಅಲ್ಲಿ ಒಂದು ವಾದ ನಡೆದೇ ಇರುತ್ತದೆ. ‘ಹಳೇ ಗಾಡಿ, ಬಾಡಿ ಕಬ್ಬಿಣದ ಹಾಗಿದೆ ಕಣ್ರೀ. ಒಂದು ದೊಡ್ಡ ಇಂಜಿನ್ ಕೂರಿಸಿಬಿಟ್ಟರೆ ಹಾರಿಕೊಂಡು ಹೋಗುತ್ತೆ’ ಅಂತ ಒಬ್ಬ. ‘ಕೂರಿಸೋದೇನೋ ಸರಿ ಸ್ವಾಮಿ, ಆಮೇಲೆ ನಿಲ್ಲಿಸೋದು ಹೇಗೆ?’ ಅಂತ ಇನ್ನೊಬ್ಬ.

ಚಹಾ ಮುಗಿಯುತ್ತದೆ, ವಾದ ಮುಗಿಯುವುದಿಲ್ಲ. ಆದರೆ ಇದೇ ವಾದಕ್ಕೆ ಐವತ್ತು ವರ್ಷಗಳ ಹಿಂದೆಯೇ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ತೀರ್ಪು ಸಿಕ್ಕಿದೆ. ಊರಿನ ಹೆಸರು ಆ್ಯಬಿಂಗ್ಡನ್, ಆಕ್ಸ್‌ಫರ್ಡ್ ಪಕ್ಕದಲ್ಲಿದೆ. ಅಲ್ಲಿ ಒಂದೇ ಕಾರಿಗೆ ಎರಡು ಸಲ ದೊಡ್ಡ ಇಂಜಿನ್ ಹಾಕಿ ನೋಡಿದರು. ಒಂದು ಸಲ ಕಾರು ಮುಗ್ಗರಿಸಿತು. ಇನ್ನೊಂದು ಸಲ ಗೆದ್ದಿತು. ಆದರೆ ಗೆದ್ದ ಕಾರೂ ಹೆಚ್ಚು ದಿನ ಬಾಳಲಿಲ್ಲ!

ಅಂಬಾಸಡರಿನ ದಾಯಾದಿ

ಆ ಕಾರಿನ ಹೆಸರು ಎಂಜಿಬಿ. ಎಂ.ಜಿ. ಅಂದರೆ ಮಾರಿಸ್ ಗ್ಯಾರೇಜಸ್. ಅದೇ ಎರಡಕ್ಷರದ ಬಿಲ್ಲೆ ಹೊತ್ತ ಹೊಸ ಕಾರುಗಳು 2019ರಿಂದ ನಮ್ಮ ರಸ್ತೆಗಳಲ್ಲೂ ಓಡಾಡುತ್ತಿವೆ. ಕಂಪನಿಯ ಯಜಮಾನರು ಮಾತ್ರ ಬೇರೆ.

ಎಂಜಿಬಿ ಹೊರಗೆ ಬಂದದ್ದು 1962ರಲ್ಲಿ. ಇಬ್ಬರು ಕೂರುವ, ಮೇಲ್ಹೊದಿಕೆ ಬಿಚ್ಚಿಡಬಹುದಾದ ಸ್ಪೋರ್ಟ್ಸ್ ಕಾರು. ಗಟ್ಟಿ ಚಾವಣಿಯ ‘ಜಿಟಿ’ ಮಾದರಿ ಬಂದದ್ದು 1965ರಲ್ಲಿ. ಇಂಜಿನ್ 1798 ಸಿ.ಸಿ., ನಾಲ್ಕು ಸಿಲಿಂಡರು, ಶಕ್ತಿ ಸುಮಾರು 95 ಹಾರ್ಸ್ ಪವರ್.

ಈ ಇಂಜಿನ್ನಿನ ಕುಲ ಗೊತ್ತೇ? ನಮ್ಮ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಮೂವತ್ತು ನಲವತ್ತು ವರ್ಷ ದುಡಿದ ಅಂಬಾಸಡರಿನ 1489 ಸಿ.ಸಿ. ಪೆಟ್ರೋಲ್ ಇಂಜಿನ್ ಇದೆಯಲ್ಲ, ಅದೂ ಇದೇ ‘ಬಿ ಸೀರೀಸ್’ ಮನೆತನದ್ದು. ಎಂಜಿಬಿಗಿಂತ ಮೊದಲು, 1955ರಲ್ಲಿ ಬಂದ ಎಂಜಿಎ ಕಾರಿನಲ್ಲಿ ಇದ್ದದ್ದೂ 1489 ಸಿ.ಸಿ.ಯದೇ. ಮದುವೆ ದಿಬ್ಬಣಕ್ಕೆ ಎಂಟು ಜನರನ್ನು ತುಂಬಿಕೊಂಡು ಘಾಟಿ ಹತ್ತುತ್ತಿದ್ದ ಅಂಬಾಸಡರಿಗೂ, ಲಂಡನ್ ರಸ್ತೆಯ ಶೋಕಿ ಕಾರಿಗೂ ಒಳಗಿನ ರಕ್ತ ಒಂದೇ!

ಆದರೆ ಕಾಲ ಓಡಿತು. 95 ಹಾರ್ಸ್ ಪವರು ಗಿರಾಕಿಗೆ ಸಾಲದಾಯ್ತು. ‘ಇನ್ನೂ ಜೋರು ಬೇಕು’ ಎಂಬ ಕೂಗು ಎದ್ದಿತು. ಕಂಪನಿ ಮಾಡಿದ್ದು ಗ್ಯಾರೇಜು ಸಾಲಿನವರು ಹೇಳುವ ಕೆಲಸವನ್ನೇ. ಬಾಡಿ ಅದೇ ಇರಲಿ, ಇಂಜಿನ್ ದೊಡ್ಡದು ಹಾಕಿ!

ಮೊದಲ ಸಲ ಮುಂಭಾರ

1967ರಲ್ಲಿ ಎಂಜಿಸಿ ಬಂತು. ಆರು ಸಿಲಿಂಡರು, 2912 ಸಿ.ಸಿ., 145 ಹಾರ್ಸ್ ಪವರ್. ಲೆಕ್ಕದ ಪ್ರಕಾರ ಕಾರು ಬಾಣದಂತೆ ಹೋಗಬೇಕಿತ್ತು. ನೇರ ರಸ್ತೆಯಲ್ಲಿ ಹೋಗಿಯೂ ಹೋಯ್ತು. ತೊಂದರೆ ಬಂದದ್ದು ತಿರುವಿನಲ್ಲಿ.

ಎರಕದ ಕಬ್ಬಿಣದ ಆ ಇಂಜಿನ್ ಹಳೆಯದಕ್ಕಿಂತ 90 ಕಿಲೋಗೂ ಹೆಚ್ಚು ಭಾರ. ಅಷ್ಟೂ ಭಾರ ಮುಂದಿನ ಚಕ್ರಗಳ ಮೇಲೆ. ಇಂಜಿನ್ ಒಳಗೆ ಹಿಡಿಯದೆ ಬಾನೆಟ್ಟನ್ನು ಉಬ್ಬಿಸಬೇಕಾಯ್ತು. ಮುಂದಿನ ಸಸ್ಪೆನ್ಷನ್ ಕಿತ್ತು ಬೇರೆ ಬಗೆಯದನ್ನು ಹಾಕಬೇಕಾಯ್ತು. ಚಕ್ರ 14 ಅಂಗುಲದಿಂದ 15 ಆಯಿತು. ಇಷ್ಟಾದರೂ ಸ್ಟೀರಿಂಗ್ ತಿರುಗಿಸಿದರೆ ಕಾರಿನ ಮೂತಿ ‘ನಾನು ನೇರವೇ ಹೋಗ್ತೀನಿ’ ಎನ್ನುತ್ತಿತ್ತು.

ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂಟೆಗಳನ್ನೆಲ್ಲ ಮುಂದಕ್ಕೆ ಹೇರಿದರೆ ನೊಗ ಎತ್ತಿನ ಕತ್ತಿಗೆ ಕೂರುತ್ತದೆ. ಎತ್ತು ಎಷ್ಟೇ ಬಲಶಾಲಿಯಾಗಿರಲಿ, ಗಾಡಿ ಹೇಳಿದ ಕಡೆ ತಿರುಗುವುದಿಲ್ಲ.

ಪತ್ರಿಕೆಗಳವರು ಓಡಿಸಿ ನೋಡಿ ಮೂಗು ಮುರಿದರು. ಇಂಗ್ಲೆಂಡಿನ ಯುವರಾಜ ಚಾರ್ಲ್ಸ್ ಅವರೇ (ಈಗಿನ ದೊರೆ) ಒಂದು ಎಂಜಿಸಿ ಕೊಂಡಿದ್ದರು. ರಾಜಮನೆತನದ ಗಿರಾಕಿ ಸಿಕ್ಕರೂ ವ್ಯಾಪಾರ ಕುದುರಲಿಲ್ಲ. ಸುಮಾರು 9 ಸಾವಿರ ಕಾರು ಮಾಡಿ, 1969ರಲ್ಲಿ ಅಂಗಡಿ ಮುಚ್ಚಿದರು.

ಅಮೆರಿಕ ಬಿಟ್ಟ ಇಂಜಿನ್

ಇಷ್ಟರಲ್ಲಿ ಇನ್ನೊಂದು ಕಥೆ ನಡೆದಿತ್ತು. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 1961ರಲ್ಲಿ ತನ್ನ ಬ್ಯೂಕ್ ಕಾರಿಗೆ ಅಲ್ಯುಮಿನಿಯಮ್ಮಿನ ಮೂರೂವರೆ ಲೀಟರ್ ಇಂಜಿನ್ ಮಾಡಿತ್ತು. ಎಂಟು ಸಿಲಿಂಡರು, ನಾಲ್ಕು ಈ ಕಡೆ, ನಾಲ್ಕು ಆ ಕಡೆ, ಇಂಗ್ಲಿಷಿನ ವಿ ಅಕ್ಷರದ ಆಕಾರ. ಅದಕ್ಕೇ ‘ವಿ8’ ಎಂಬ ಹೆಸರು. ಎರಕ ಹೊಯ್ಯುವ ಖರ್ಚು ಜಾಸ್ತಿಯಾಯಿತು. 1963ರ ಹೊತ್ತಿಗೆ ಅಮೆರಿಕದವರು ಅದನ್ನು ಕೈಬಿಟ್ಟರು.

ಬಿಟ್ಟದ್ದನ್ನು ಎತ್ತಿಕೊಂಡದ್ದು ಇಂಗ್ಲೆಂಡಿನ ರೋವರ್ ಕಂಪನಿ. 1965ರಲ್ಲಿ ಹಕ್ಕು ಕೊಂಡರು, 1967ರಿಂದ ತಮ್ಮ ಕಾರುಗಳಿಗೆ ಹಾಕಿದರು. ಒಂದು ಮನೆಯಲ್ಲಿ ಬೇಡವಾದ ಕೂಸು ಇನ್ನೊಂದು ಮನೆಯಲ್ಲಿ ಮೂವತ್ತೈದು ವರ್ಷಕ್ಕೂ ಹೆಚ್ಚು ದುಡಿಯಿತು!

ಕೆನ್ ಕಾಸ್ಟೆಲೊ ಎಂಬ ರೇಸಿನ ಹುಚ್ಚಿನ ಆಸಾಮಿಗೆ ಈ ಇಂಜಿನ್ ಕಣ್ಣಿಗೆ ಬಿತ್ತು. 1970ರ ಆಸುಪಾಸಿನಲ್ಲಿ ಅವರು ಎಂಜಿಬಿ ಬಾನೆಟ್ ಎತ್ತಿ, ನಾಲ್ಕು ಸಿಲಿಂಡರಿನದನ್ನು ಇಳಿಸಿ, ಎಂಟರದನ್ನು ಕೂರಿಸಿದರು. ಸಿಲಿಂಡರು ಎರಡರಷ್ಟು. ತೂಕ? ಹೆಚ್ಚೂ ಕಡಿಮೆ ಹಳೆಯದರಷ್ಟೇ. ಕಬ್ಬಿಣ ಹೋಗಿ ಅಲ್ಯುಮಿನಿಯಂ ಬಂದಿತ್ತಲ್ಲ! ಮುಂಭಾರ ಇಲ್ಲ, ಕಾರು ಮೊದಲಿನ ಹಾಗೇ ತಿರುಗುತ್ತಿತ್ತು. ಗಿರಾಕಿಗಳು ಹುಡುಕಿಕೊಂಡು ಬಂದರು.

ಒಬ್ಬ ಆಸಾಮಿ ಮಾಡಿ ಮಾರುತ್ತಿದ್ದಾನೆ, ದೊಡ್ಡ ಕಂಪನಿ ಸುಮ್ಮನೆ ಕೂತೀತೇ? 1973ರಲ್ಲಿ ಕಂಪನಿಯೇ ‘ಎಂಜಿಬಿ ಜಿಟಿ ವಿ8’ ಇಳಿಸಿತು. 3528 ಸಿ.ಸಿ., 137 ಹಾರ್ಸ್ ಪವರ್. ಗಂಟೆಗೆ 200 ಕಿಲೋಮೀಟರಿನ ಹತ್ತಿರದ ಓಟ.

ಇಲ್ಲಿ ಒಂದು ಲೆಕ್ಕ ಗಮನಿಸಬೇಕು. ಸೋತ ಎಂಜಿಸಿಯ ಶಕ್ತಿ 145. ಗೆದ್ದ ವಿ8ರ ಶಕ್ತಿ 137. ಅಂದರೆ ಎಂಟು ಹಾರ್ಸ್ ಪವರ್ ಕಡಿಮೆ ಇದ್ದದ್ದೇ ಒಳ್ಳೆಯ ಕಾರಾಯಿತು!

ಬೋಲ್ಟು ಬಿಗಿದರೆ ಮುಗಿಯಲಿಲ್ಲ

ಕಂಪನಿ ಬರೀ ಇಂಜಿನ್ ಎತ್ತಿ ಇಡಲಿಲ್ಲ. ಬ್ರೇಕ್ ಡಿಸ್ಕು ದಪ್ಪನೆಯವು ಬಂದವು. ಕ್ಲಚ್ಚು ಗಟ್ಟಿಯಾಯಿತು. ಹಿಂದಿನ ಆಕ್ಸಲಿನ ಕ್ರೌನ್ ಪಿನಿಯನ್ ಲೆಕ್ಕ ಬದಲಾಯಿತು, ಇಲ್ಲದಿದ್ದರೆ ಶಕ್ತಿಯೆಲ್ಲ ಬರೀ ಗಿರಗಿರ ತಿರುಗುವುದಕ್ಕೆ ವೆಚ್ಚ. ರೇಡಿಯೇಟರನ್ನು ಮುಂದಕ್ಕೆ ಸರಿಸಿ ಎರಡು ಕರೆಂಟ್ ಫ್ಯಾನು ಹಾಕಿದರು. ಕಾಸ್ಟೆಲೊ ಕಾರಿನ ಬಾನೆಟ್ ಉಬ್ಬಿತ್ತು. ಕಂಪನಿಯವರು ಕಾರ್ಬ್ಯುರೇಟರುಗಳನ್ನು ಹಿಂದಕ್ಕೆ ತಳ್ಳಿ ಆ ಉಬ್ಬನ್ನೂ ತಪ್ಪಿಸಿದರು.

ಇಂಜಿನ್ ಬದಲಾವಣೆ ಅಂದರೆ ಹೀಗೆ. ಹೊಸ ಸೊಸೆ ಬಂದಳೆಂದರೆ ಅಡಿಗೆಮನೆಯಿಂದ ಹಿತ್ತಲವರೆಗೆ ಎಲ್ಲವೂ ಜಾಗ ಬದಲಿಸಬೇಕು.

ಜಾಗ ಮಾಡಿಕೊಡದೆ ತುರುಕಿದರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಇದೆ. 1964ರಲ್ಲಿ ಇಂಗ್ಲೆಂಡಿನದೇ ಸನ್‌ಬೀಮ್ ಆಲ್ಪೈನ್ ಕಾರಿಗೆ ಅಮೆರಿಕದ ಫೋರ್ಡ್ ವಿ8 ಹಾಕಿ ‘ಟೈಗರ್’ ಅಂತ ಹೆಸರಿಟ್ಟರು. ಇಂಜಿನ್ ಹಿಡಿಸಲು ಕಾರ್ಖಾನೆಯಲ್ಲೇ ಸುತ್ತಿಗೆ ಹಿಡಿದು ತಗಡು ತಗ್ಗಿಸುತ್ತಿದ್ದರು. ಒಂದು ಸ್ಪಾರ್ಕ್ ಪ್ಲಗ್ಗು ಬಿಚ್ಚಬೇಕಾದರೆ ಬಾನೆಟ್ ಕಡೆಯಿಂದ ಕೈ ಹೋಗದು. ಕಾರಿನ ಒಳಗಿನಿಂದ ಒಂದು ಕಿಂಡಿ ಬಿಡಬೇಕಾಯ್ತು! ಆಮೇಲೆ ಆ ಕಂಪನಿ ಕ್ರೈಸ್ಲರ್ ಪಾಲಾಯಿತು. ತಮ್ಮ ಕಾರಿನಲ್ಲಿ ಎದುರಾಳಿ ಫೋರ್ಡಿನ ಇಂಜಿನ್ ಅಂದರೆ ಯಾರು ಒಪ್ಪಿಯಾರು? 1967ರಲ್ಲಿ ಟೈಗರ್ ಕಥೆ ಮುಗಿಯಿತು.

ಎಣ್ಣೆ ಕೈಕೊಟ್ಟಿತು

ಎಂಜಿಬಿ ವಿ8 ಅಂಗಡಿಗೆ ಬಂದದ್ದು 1973ರ ಆಗಸ್ಟಿನಲ್ಲಿ. ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆಯ ನಲ್ಲಿ ತಿರುವಿದವು. ಬ್ಯಾರಲಿಗೆ ಮೂರು ಡಾಲರಿನಷ್ಟಿದ್ದ ಕಚ್ಚಾ ಎಣ್ಣೆ ಕೆಲವೇ ತಿಂಗಳಲ್ಲಿ ಹನ್ನೆರಡರ ಹತ್ತಿರ ಹೋಯಿತು.

ನಮ್ಮಲ್ಲೂ ಆ ಬಿಸಿ ತಟ್ಟಿತ್ತು. ಪೆಟ್ರೋಲ್ ಬೆಲೆ ಏರಿಕೆ ಪ್ರತಿಭಟಿಸಿ ಅದೇ ನವೆಂಬರಿನಲ್ಲಿ ಅಟಲ್ ಬಿಹಾರಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಪಾರ್ಲಿಮೆಂಟಿಗೆ ಹೋಗಿದ್ದು ಹಿರಿಯರಿಗೆ ನೆನಪಿರಬಹುದು. ಜನ ಲೀಟರ್ ಲೆಕ್ಕ ಹಾಕುವ ಹೊತ್ತಿನಲ್ಲಿ ಎಂಟು ಸಿಲಿಂಡರ್ ಯಾರಿಗೆ ಬೇಕು?

ಒಟ್ಟು 2591 ವಿ8 ಕಾರು ಮಾಡಿ 1976ರಲ್ಲಿ ನಿಲ್ಲಿಸಿದರು. ಹಳೆಯ ನಾಲ್ಕು ಸಿಲಿಂಡರಿನ ಎಂಜಿಬಿ ಮಾತ್ರ 1980ರವರೆಗೂ ಬಂತು. ಎಲ್ಲ ಬಗೆಯದೂ ಸೇರಿ 5 ಲಕ್ಷಕ್ಕೂ ಮೇಲೆ ಮಾರಾಟವಾದ ಆ ಕಾರಿನ ಜೊತೆಗೇ ಆ್ಯಬಿಂಗ್ಡನ್ ಕಾರ್ಖಾನೆಗೂ ಆ ವರ್ಷ ಬೀಗ ಬಿತ್ತು.

ಅಲ್ಲಿಂದಾಚೆ ಇಂಗ್ಲೆಂಡಿನ ಸಣ್ಣ ಸಣ್ಣ ಗ್ಯಾರೇಜುಗಳಲ್ಲಿ ಜನ ತಮ್ಮ ಹಳೇ ಎಂಜಿಬಿಗೆ ರೋವರ್ ವಿ8 ಹಾಕಿಸಿಕೊಳ್ಳುತ್ತ ಬಂದರು. ಅಲ್ಲಿನ ನೋಂದಣಿ ಕಚೇರಿ ಬಹಳ ವರ್ಷ ಬಳಸಿದ ಅಂಕದ ಲೆಕ್ಕ ಸ್ವಾರಸ್ಯವಾಗಿದೆ. ಹಳೇ ನಂಬರು ಉಳಿಯಬೇಕಾದರೆ ಮೂಲ ಭಾಗಗಳಿಗೆ 8 ಅಂಕ ಬರಬೇಕು. ಚಾಸಿ ಅಥವಾ ಬಾಡಿಗೆ 5. ಸಸ್ಪೆನ್ಷನ್, ಆಕ್ಸಲ್, ಗೇರ್ ಬಾಕ್ಸ್, ಸ್ಟೀರಿಂಗ್, ಒಂದೊಂದಕ್ಕೆ 2. ಇಂಜಿನ್ನಿಗೆ? ಬರೀ ಒಂದು! ಇಂಜಿನ್ ಹೋದರೂ ಕಾರು ಅದೇ ಕಾರು ಎಂಬುದು ಅವರ ಎಣಿಕೆ.

ನಮ್ಮಲ್ಲಿ ಹಾಗಲ್ಲ

ಇದನ್ನು ಓದಿ ಯಾರಾದರೂ ಹಳೇ ಕಾರಿನ ಬಾನೆಟ್ ಎತ್ತುವ ಮುಂಚೆ ಒಂದು ನಿಮಿಷ ತಾಳಬೇಕು.

ಕಂಪನಿಯೇ ಇಂಜಿನ್ ಬದಲಿಸಿದರೆ ಅದು ಬೇರೆ ಮಾತು. ನಮ್ಮ ಕಾಂಟೆಸ್ಸಾ 1984ರಲ್ಲಿ ಬಂದಾಗ ಅದರೊಳಗೆ ಇದ್ದದ್ದು ಅಂಬಾಸಡರಿನದೇ 1489 ಸಿ.ಸಿ. ಇಂಜಿನ್. ಮೈ ಎಮ್ಮೆಯದು, ಎದೆ ಆಡಿನದು! ಆಮೇಲೆ ಕಂಪನಿಯೇ ಜಪಾನಿನ ಇಸುಝು 1.8 ಲೀಟರ್ ಇಂಜಿನ್ ಹಾಕಿ ಅದಕ್ಕೆ ಜೀವ ಕೊಟ್ಟಿತು. ಅದೆಲ್ಲ ಸರ್ಕಾರದ ಒಪ್ಪಿಗೆ ಪಡೆದು ಆದದ್ದು.

ಮಾಲೀಕ ತಾನೇ ಬದಲಿಸಿದರೆ? ಮೋಟಾರು ವಾಹನ ಕಾಯಿದೆಯ 52ನೇ ಕಲಮು ಅಡ್ಡ ನಿಲ್ಲುತ್ತದೆ. ತಯಾರಕರು ಹೇಳಿದ ವಿವರಕ್ಕೂ ಆರ್.ಸಿ.ಯ ವಿವರಕ್ಕೂ ತಾಳೆ ತಪ್ಪುವಂತೆ ಗಾಡಿಯನ್ನು ಮಾರ್ಪಡಿಸಕೂಡದು ಎನ್ನುತ್ತದೆ ಅದು. 2019ರ ಜನವರಿಯಲ್ಲಿ, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಪ್ಪಿಗೆಯಿಲ್ಲದ ಒಂದೊಂದು ಮಾರ್ಪಾಟಿಗೂ 5 ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇಂಜಿನ್ ಕೆಟ್ಟು ಅದೇ ಮಾದರಿಯದನ್ನು ಹಾಕಿಸಿದರೂ ಆರ್.ಟಿ.ಓ. ಒಪ್ಪಿಗೆ ಪಡೆದು ಆರ್.ಸಿ.ಯಲ್ಲಿ ನಂಬರು ತಿದ್ದಿಸಬೇಕು.

ದಂಡ ಕಟ್ಟಿದರೆ ಮುಗಿಯಿತು ಅಂದುಕೊಳ್ಳುವವರೂ ಇದ್ದಾರೆ. ನಿಜವಾದ ಪೆಟ್ಟು ಇರುವುದು ಇನ್ಷೂರೆನ್ಸಿನಲ್ಲಿ. ಅಪಘಾತವಾದ ದಿನ ಗಾಡಿಯ ಇಂಜಿನ್ ನಂಬರಿಗೂ ಕಾಗದಕ್ಕೂ ತಾಳೆಯಾಗದಿದ್ದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಪೆಟ್ಟು ತಿಂದವನ ಪರಿಹಾರದ ಹೊರೆ ಮಾಲೀಕನ ಮನೆ ಬಾಗಿಲಿಗೇ ಬರಬಹುದು.

ಹಳೇ ಕಾರು ಇಟ್ಟುಕೊಂಡವರಿಗೆ ಇನ್ನೊಂದು ನಷ್ಟವೂ ಇದೆ. 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ‘ವಿಂಟೇಜ್’ ಎಂಬ ನೋಂದಣಿ ಸಿಗುತ್ತದೆ, ಹೊಸದಾಗಿ ಮಾಡಿಸಲು 20 ಸಾವಿರ ರೂಪಾಯಿ ಶುಲ್ಕ. ಆದರೆ ಚಾಸಿ, ಬಾಡಿ, ಇಂಜಿನ್ ಮಾರ್ಪಾಟಾಗದೆ ಮೂಲ ಸ್ಥಿತಿಯಲ್ಲಿರಬೇಕು. ಇಂಗ್ಲೆಂಡಿನಲ್ಲಿ ಒಂದೇ ಅಂಕ ಹೋಗುವ ಕಡೆ ಇಲ್ಲಿ ಗಾಡಿಯ ಮಾನವೇ ಹೋಗುತ್ತದೆ. ತಾತನ ಕಾಲದ ಕಾರಿನ ಇಂಜಿನ್ ತೆಗೆದು ಗುಜರಿಗೆ ತೂಕಕ್ಕೆ ಹಾಕಿದವನು ಆ ಗೌರವವನ್ನೂ ಅದರ ಜೊತೆಗೇ ತೂಗಿಸಿದಂತೆ.

ಹಾಗಾದರೆ ಗ್ಯಾರೇಜು ಸಾಲಿನ ವಾದದಲ್ಲಿ ಗೆದ್ದವರು ಯಾರು? ಎರಡನೆಯವನೇ ಅನ್ನಬೇಕು. ಆ್ಯಬಿಂಗ್ಡನ್ನಿನವರೂ ಒಂದು ಸಲ ಮುಗ್ಗರಿಸಿದ ಮೇಲೇ ಅವನ ಮಾತಿಗೆ ಬಂದದ್ದು. ಅವರು ತೂಕ ನೋಡಿದರು, ಬ್ರೇಕು ನೋಡಿದರು, ಆಮೇಲೆ ಇಂಜಿನ್ ಇಟ್ಟರು. ನಮ್ಮೂರಿನಲ್ಲಿ ಅದರ ಜೊತೆಗೆ ಆರ್.ಸಿ.ಯನ್ನೂ ನೋಡಬೇಕು.

ಮೊದಲನೆಯವನು ಇದನ್ನು ಒಪ್ಪುತ್ತಾನೆಯೇ? ನಾಳೆ ಸಂಜೆ ಚಹಾ ಹೊತ್ತಿಗೆ ಹೋಗಿ ಕೇಳಿ.