ಅಗಲಿದ ಹಿರಿಯರಿಗೆ ಏನು ಕೊಡಬಲ್ಲೆವು?

ಮನೆಯ ಹಿರಿಯರು ಅಗಲಿದ ದಿನ ವರ್ಷಕ್ಕೊಮ್ಮೆ ಮರಳಿ ಬಂದಾಗ ಅವರ ಹೆಸರಿನಲ್ಲಿ ಎಡೆಯಿಡುವ ರೂಢಿ ನಮ್ಮ ನಾಡಿನ ಹಲವು ಮನೆಗಳಲ್ಲಿ ಉಂಟು. ಅದರ ಹಿಂದಿನ ಪ್ರೀತಿ ದೊಡ್ಡದು. ಆದರೆ ಜೈನ ಗೃಹಸ್ಥರ ಮುಂದೆ ಆ ದಿನ ಒಂದು ಕಠಿಣ ಪ್ರಶ್ನೆ ನಿಲ್ಲುತ್ತದೆ. ನಾವು ಕೊಟ್ಟದ್ದು ಅಗಲಿದವರಿಗೆ ತಲುಪುತ್ತದೆಯೇ?

ಇಲ್ಲ ಎಂಬುದೇ ಜೈನ ಸಿದ್ಧಾಂತದ ಉತ್ತರ. ದೇಹ ಬಿಟ್ಟ ಜೀವ ಎಲ್ಲಿಯೂ ಕಾದು ಕುಳಿತಿರುವುದಿಲ್ಲ. ಒಂದು ಭವದಿಂದ ಇನ್ನೊಂದು ಭವಕ್ಕೆ ಸಾಗುವಾಗ ಅದು ಆಹಾರವಿಲ್ಲದೆ ಇರುವುದು ಹೆಚ್ಚೆಂದರೆ ಮೂರು ‘ಸಮಯ’ಗಳ ಕಾಲ ಎಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ. ಕಾಲದ ಅತಿ ಸೂಕ್ಷ್ಮ ಅಂಶವೇ ಸಮಯ. ಒಮ್ಮೆ ರೆಪ್ಪೆ ಬಡಿಯುವುದರೊಳಗೆ ಅಸಂಖ್ಯಾತ ಸಮಯಗಳು ಕಳೆದುಹೋಗುತ್ತವೆ. ನಾವು ಚಿತೆಯ ಬಳಿ ನಿಂತಿರುವಾಗಲೇ ಆ ಜೀವ ತನ್ನ ಕರ್ಮಾನುಸಾರ ಮುಂದಿನ ಬದುಕನ್ನು ಆರಂಭಿಸಿರುತ್ತದೆ. ನಮ್ಮ ಪುಣ್ಯವನ್ನು ಅದರ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ.

ಈ ಮಾತನ್ನು ಓದಿ ಒಪ್ಪುವುದು ಸುಲಭ. ಋಣ ಉಳಿದಿರುವವರಿಗೆ ಅದನ್ನು ಅರಗಿಸಿಕೊಳ್ಳುವುದು ಕಷ್ಟ. ನನ್ನ ಮಾವನವರ ವಿಷಯದಲ್ಲಿ ನನಗೆ ಇದು ಅನುಭವಕ್ಕೆ ಬಂದಿದೆ.

ಮಾವನವರು ಅರಭಾವಿಯ ರೈತರು. ಘಟಪ್ರಭೆಯ ಕಾಲುವೆ ನೀರಿನಲ್ಲಿ ಕಬ್ಬು, ಗೋವಿನಜೋಳ ಬೆಳೆದವರು. ಶಾಲೆ ಕಲಿತದ್ದು ನಾಲ್ಕನೆಯ ತರಗತಿಯವರೆಗೆ. ನಿತ್ಯ ಬಸದಿಯ ದರ್ಶನ, ಸೋಸಿದ ನೀರು, ಹೊತ್ತು ಮುಳುಗುವ ಮೊದಲೇ ಊಟ ಇವು ಅವರ ನಿಯಮಗಳು. ನೀರು ಸೋಸಿದ ಅರಿವೆಯನ್ನು ಬಾವಿಯ ನೀರಿನಲ್ಲೇ ಜಾಲಿಸಿ, ಅದರಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಮರಳಿ ಬಿಡುವುದನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ.

ನಾನು ಸೊಸೆಯಾಗಿ ಬಂದಾಗ ಪದವಿ ಮುಗಿದಿತ್ತು, ಬಿ.ಇಡಿ. ಓದುವ ಆಸೆ ಉಳಿದಿತ್ತು. ಕಲಿತ ಸೊಸೆ ಮನೆಗೆಲಸಕ್ಕೆ ಒದಗುವುದಿಲ್ಲವೆಂಬ ಮಾತು ಬಳಗದಲ್ಲಿ ಕೇಳಿಬಂತು. ಮಾವನವರು ಚರ್ಚೆಗೆ ಇಳಿಯಲಿಲ್ಲ. ಸಮ್ಮೇದ ಶಿಖರ್ಜಿಯ ಯಾತ್ರೆಗೆಂದು ಹಲವು ಸುಗ್ಗಿಗಳಿಂದ ಕೂಡಿಟ್ಟ ಹಣವನ್ನು ತಂದು ನನ್ನ ಮುಂದೆ ಇಟ್ಟರು. “ಶಿಖರ್ಜಿ ಎಲ್ಲಿಗೂ ಹೋಗೂದಿಲ್ಲ ತಂಗಿ, ಕಲಿಯೂ ವಯಸ್ಸು ಹೋಗತೈತಿ” ಎಂದರು.

ಇಪ್ಪತ್ತು ತೀರ್ಥಂಕರರು ಮೋಕ್ಷ ಪಡೆದ ಆ ಗಿರಿಯನ್ನು ಜೀವಮಾನದಲ್ಲಿ ಒಮ್ಮೆ ವಂದಿಸಬೇಕೆಂಬುದು ಪ್ರತಿಯೊಬ್ಬ ಶ್ರಾವಕನ ಹಂಬಲ. ನನಗೆ ಸಂಬಳ ಬರತೊಡಗಿದ ಮೇಲೆ ಅವರನ್ನು ಯಾತ್ರೆಗೆ ಹೊರಡಿಸಲು ಮನೆಯವರೆಲ್ಲ ಮುಂದಾದೆವು. ಅಷ್ಟರಲ್ಲಿ ಮೊಣಕಾಲು ಸೋತಿದ್ದವು. ಬೆಟ್ಟ ಹತ್ತಿ, ಟೋಂಕುಗಳನ್ನೆಲ್ಲ ವಂದಿಸಿ ಇಳಿಯಲು ಸುಮಾರು 27 ಕಿ.ಮೀ. ನಡೆಯಬೇಕು. ಡೋಲಿಯಲ್ಲಿ ಹೋಗಬಹುದೆಂದಾಗ ಅವರು, “ಮಂದಿ ಹೆಗಲ ಮ್ಯಾಲ ಕುಂತು ಗುಡ್ಡ ಹತ್ತಿದರ ಅದು ನನ್ನ ಯಾತ್ರೆ ಹೆಂಗಾದೀತು?” ಎಂದು ನಕ್ಕರು. ಶಿಖರ್ಜಿಯನ್ನು ಕಾಣದೆಯೇ ಅವರ ಆಯುಷ್ಯ ಮುಗಿಯಿತು.

ಅವರ ಹೆಸರಿನಲ್ಲಿ ನೀನಾದರೂ ಹೋಗಿ ಬಾ ಎಂದು ಬಂಧುಗಳು ಹೇಳಿದರು. ಹೋಗಿ ಬಂದೆ. ಆದರೆ ನಾನು ಹತ್ತಿದ ಬೆಟ್ಟದ ಫಲ ನನ್ನ ಭಾವಕ್ಕೆ ತಕ್ಕಂತೆ ನನಗೇ ಹೊರತು ಅವರಿಗಲ್ಲ. ಡೋಲಿಯನ್ನು ನಿರಾಕರಿಸಿದಾಗ ಅವರು ಆಡಿದ ಮಾತಿನಲ್ಲಿ ಇದೇ ತತ್ತ್ವವಿತ್ತು. ಹಾಗಾದರೆ ಆ ಋಣ ತೀರುವ ಬಗೆ ಯಾವುದು?

ಇದಕ್ಕೂ ತತ್ತ್ವಾರ್ಥಸೂತ್ರದಲ್ಲೇ ದಾರಿಯುಂಟು. ಕರ್ಮದ ಆಸ್ರವಕ್ಕೆ ಕಾರಣವಾಗುವ ಕ್ರಿಯೆಗಳನ್ನು ವಿಂಗಡಿಸುವಾಗ ಆಚಾರ್ಯರು ಕೃತ, ಕಾರಿತ, ಅನುಮತ ಎಂಬ ಮೂರು ಭೇದಗಳನ್ನು ಹೇಳುತ್ತಾರೆ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಇತರರು ಮಾಡಿದ್ದನ್ನು ಮೆಚ್ಚಿದ್ದು ಈ ಮೂರಕ್ಕೂ ಫಲವುಂಟು. ಮಾವನವರು ಆ ಹಣ ಕೊಟ್ಟ ದಿನವೇ, ಆ ಭಾವದಿಂದಲೇ, ತಮ್ಮ ಪಾಲಿನದನ್ನು ಗಳಿಸಿಕೊಂಡಿದ್ದರು. ನಾನು ಅವರಿಗೆ ಹಿಂದಿರುಗಿಸಬೇಕಾದದ್ದು ಏನೂ ಉಳಿದಿರಲಿಲ್ಲ; ಅವರು ಕೊಟ್ಟದ್ದನ್ನು ಮುಂದಿನವರಿಗೆ ದಾಟಿಸುವುದಷ್ಟೇ ಉಳಿದಿತ್ತು.

ಸ್ಮರಣೆ ಹೀಗೆ ಮುಂದಕ್ಕೆ ಹರಿದ ದೊಡ್ಡ ನಿದರ್ಶನ ಕನ್ನಡ ನಾಡಿನಲ್ಲೇ ಇದೆ. ಹತ್ತನೆಯ ಶತಮಾನದಲ್ಲಿ ಮಲ್ಲಪ ಮತ್ತು ಪುನ್ನಮಯ್ಯ ಎಂಬ ಸೋದರರು ತಮ್ಮ ಗುರು ಜಿನಚಂದ್ರರ ನೆನಪಿಗಾಗಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದರು. ಮಲ್ಲಪನ ಮಗಳು ಅತ್ತಿಮಬ್ಬೆ, ಚಾಲುಕ್ಯ ತೈಲಪನ ಮಂತ್ರಿ ಧಲ್ಲಪನ ಸೊಸೆಯಾದಳು. ಪತಿ ನಾಗದೇವ ಮಡಿದಾಗ ಅವಳ ತಂಗಿಯೂ ಸವತಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕಿ ಉಳಿದು, ವ್ರತ ಹಿಡಿದು, ಮಗನನ್ನು ಬೆಳೆಸಿದಳು. ಅಚ್ಚಿನ ಯಂತ್ರವಿಲ್ಲದ ಆ ಕಾಲದಲ್ಲಿ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳು. ಲಕ್ಕುಂಡಿಯಲ್ಲಿ 1007ರಲ್ಲಿ ಜಿನಾಲಯವನ್ನು ಕಟ್ಟಿಸಿದಳು. ನಮ್ಮ ಘಟಪ್ರಭೆಯ ಕೆಳಹರಿವಿನಲ್ಲಿರುವ ಮುಧೋಳದ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದ್ದು ಅವಳ ಆಶ್ರಯದಲ್ಲಿಯೇ. ಮಾವ ಧಲ್ಲಪನ ಮಂತ್ರಿಪದವಿ ಅವನೊಂದಿಗೇ ಮುಗಿಯಿತು. ಅವನ ಹೆಸರನ್ನು ಸಾವಿರ ವರ್ಷಗಳಾಚೆಗೂ ನಾವು ಉಚ್ಚರಿಸುತ್ತಿದ್ದರೆ ಅದಕ್ಕೆ ಸೊಸೆಯ ಶಾಸ್ತ್ರದಾನವೇ ಮುಖ್ಯ ಕಾರಣ.

ಆದ್ದರಿಂದ ನಮ್ಮ ಮನೆಯಲ್ಲಿ ಮಾವನವರ ಪುಣ್ಯತಿಥಿಯಂದು ದೊಡ್ಡ ಪಂಕ್ತಿ ಏಳುವುದಿಲ್ಲ. ಬಸದಿಯಲ್ಲಿ ಅಭಿಷೇಕ, ಮನೆಯಲ್ಲಿ ಸ್ವಾಧ್ಯಾಯ, ಮತ್ತು ಓದು ನಿಲ್ಲುವ ಹಂತದಲ್ಲಿರುವ ಒಬ್ಬ ಹೆಣ್ಣುಮಗಳ ಆ ವರ್ಷದ ಶುಲ್ಕ. ಅವಳು ಯಾರದೋ ಮನೆಯ ಸೊಸೆಯಾಗಿದ್ದರೆ ನಮಗೆ ಇನ್ನಷ್ಟು ಸಂತೋಷ.

ಇನ್ನು ಶೋಕದ ಮಾತು. ಇಷ್ಟರ ಅಗಲಿಕೆಯನ್ನೇ ಮತ್ತೆ ಮತ್ತೆ ನೆನೆದು ಕೊರಗುವುದನ್ನು ನಮ್ಮ ಆಚಾರ್ಯರು ಆರ್ತಧ್ಯಾನದಲ್ಲಿ ಸೇರಿಸಿದ್ದಾರೆ. ಅದು ಅಗಲಿದವರಿಗೆ ಮುಟ್ಟದು, ಉಳಿದವರಿಗೆ ಅಶುಭ ಕರ್ಮವನ್ನು ಕಟ್ಟುತ್ತದೆ. ಕಣ್ಣೀರು ಬಂದರೆ ಅದು ಸಂಸಾರಿ ಜೀವದ ಸಹಜ ಸ್ಥಿತಿ. ಅದನ್ನು ಅನಿತ್ಯಭಾವನೆಯ ಕಡೆಗೆ, ದಾನದ ಕಡೆಗೆ ತಿರುಗಿಸುವುದು ನಮ್ಮ ಪುರುಷಾರ್ಥ.

ಸತ್ತ ಮೇಲೆ ಏನೂ ತಲುಪುವುದಿಲ್ಲ ಎಂಬ ಸಿದ್ಧಾಂತ ನಿಷ್ಠುರವೆಂದು ಕಾಣಬಹುದು. ಅದನ್ನು ನಿಜವಾಗಿ ನಂಬಿದವರು ಕೊಡಬೇಕಾದದ್ದನ್ನು ನಾಳೆಗೆ ಇಡಲಾರರು. ಮನೆಯಲ್ಲಿ ಅತ್ತೆ, ಮಾವ, ತಂದೆ, ತಾಯಿ ಇದ್ದಾರೆಯೇ? ಅವರು ನೋಡಬೇಕೆಂದ ಕ್ಷೇತ್ರ ಯಾವುದೆಂದು ಇಂದೇ ಕೇಳಿರಿ. ಅವರ ಕಾಲಿನಲ್ಲಿ ಬಲವಿರುವಾಗಲೇ ಕರೆದೊಯ್ಯಿರಿ.